ಕಿಡಿಯ ಕೈಬರಹ

ಬೆಂಗಳೂರಿನಿಂದ ಮೈಸೂರಿಗೆ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರೊಂದು ಹೊರಟಿದೆಯೆಂದು ಭಾವಿಸೋಣ. ಅದರ ಎಂಜಿನ್ನು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ೫೦ ಸುತ್ತಾಯಿತು. ಎರಡು ಸುತ್ತಿಗೊಮ್ಮೆ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಒಂದು ವಿದ್ಯುತ್ ಕಿಡಿ ಹಾರಿ, ಅಲ್ಲಿರುವ ಪೆಟ್ರೋಲ್ ಆವಿ ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸಬೇಕು. ಎಂದರೆ ಒಂದು ಸಿಲಿಂಡರಿಗೆ ಸೆಕೆಂಡಿಗೆ ೨೫ ಕಿಡಿ. ನಾಲ್ಕಕ್ಕೂ ಸೇರಿ ೧೦೦ ಕಿಡಿ. ಪ್ರಯಾಣವು ಮೂರು ಗಂಟೆಯದಾದರೆ ಹತ್ತು ಲಕ್ಷಕ್ಕೂ ಮಿಕ್ಕಿದ ಕಿಡಿಗಳು ಹಾರಿಹೋಗಿರುತ್ತವೆ. ಒಳಗೆ ಕುಳಿತು ಹರಟುತ್ತ ಸಾಗುವ ನಮಗೆ ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಆದರೆ ನೂರರಲ್ಲಿ ನಾಲ್ಕೈದು ತಪ್ಪಿದರೆ ಸಾಕು, ಕಾರು ಮುಗ್ಗರಿಸುವುದು ಕೂಡಲೇ ನಮ್ಮ ಅರಿವಿಗೆ ಬರುತ್ತದೆ.

ಗಟ್ಟಿಯಾದ ಲೋಹದ ಗೋಡೆಗಳ ನಡುವೆ, ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲಿನಷ್ಟು ಕಾಲ ಮಾತ್ರ ಬದುಕುವ ಈ ಕಿಡಿಯನ್ನು ಪರೀಕ್ಷಿಸುವುದು ಹೇಗೆ? ಪ್ಲಗ್ಗನ್ನು ಬಿಚ್ಚಿ ಹೊರಗೆ ಹಿಡಿದು ನೋಡಬಹುದು. ಆದರೆ ಹೊರಗಿನ ಗಾಳಿಯಲ್ಲಿ ಹಾರುವ ಕಿಡಿ ಒಳಗಿನ ಕಿಡಿಯಲ್ಲ. ವೋಲ್ಟ್ ಮೀಟರನ್ನು ಹಚ್ಚಬಹುದು. ಆದರೆ ಅದರ ಮುಳ್ಳು ಅಲುಗಾಡುವಷ್ಟರಲ್ಲಿ ಹತ್ತಾರು ಕಿಡಿಗಳ ಕಥೆ ಮುಗಿದಿರುತ್ತದೆ. ಕಿಡಿಯು ತನ್ನ ಹುಟ್ಟನ್ನೂ ಬಾಳನ್ನೂ ಸಾವನ್ನೂ ತಾನೇ ಬರೆದು ತೋರಿಸುವಂತೆ ಮಾಡುವ ಉಪಕರಣವೊಂದಿದೆ. ಅದೇ ಆಸಿಲೋಸ್ಕೋಪು. ಅದರ ಪರದೆಯ ಮೇಲೆ ಮೂಡುವ ಬರಹವನ್ನು ಓದುವ ಬಗೆಯನ್ನು, ನಾವೇ ಕಣ್ಣಾರೆ ಕಂಡ ಒಂದು ಪ್ರಸಂಗದೊಡನೆ, ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಘಾಟಿಯಲ್ಲಿ ಕೆಮ್ಮುವ ಕಾರು

೧೯೯೨ರ ಮಳೆಗಾಲದಲ್ಲಿ ನಾವು ಮಲೆನಾಡಿನ ಒಂದು ಪಟ್ಟಣದಲ್ಲಿ ಮಿತ್ರರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆವು. ಮಿತ್ರರು ಅಲ್ಲಿಯ ಪಾಲಿಟೆಕ್ನಿಕ್ಕಿನಲ್ಲಿ ಮೋಟಾರು ವಿಭಾಗದ ಉಪಾಧ್ಯಾಯರು. ಒಂದು ಬೆಳಗ್ಗೆ ಬಾಡಿಗೆ ಕಾರಿನ ಚಾಲಕರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. ನಡುವಯಸ್ಸು ದಾಟಿದವರು, ಮುಖದಲ್ಲಿ ನಿದ್ದೆಗೆಟ್ಟ ಕಳೆ.

"ಸಮತಟ್ಟಿನಲ್ಲಿ ಹೆಂಗೋ ಹೋಗ್ತದೆ ಸಾರ್. ಘಾಟಿ ಹತ್ತೋಕೆ ಶುರು ಮಾಡಿದ್ರೆ ಸಾಕು, ಕೆಮ್ಮಿ ಕೆಮ್ಮಿ ನಿಂತುಬಿಡ್ತದೆ" ಎಂದರು.

ಹದಿನೈದು ದಿನಗಳಿಂದ ಇದೇ ಪಾಡು. ಕಾರ್ಬ್ಯುರೇಟರನ್ನು ಮೂರು ಬಾರಿ ಬಿಚ್ಚಿ ತೊಳೆದದ್ದಾಗಿತ್ತು. ನಾಲ್ಕು ಪ್ಲಗ್ಗುಗಳನ್ನೂ ಹೊಸದಾಗಿ ಹಾಕಿಸಿದ್ದಾಗಿತ್ತು. ಕಂಡೆನ್ಸರು ಬದಲಾಗಿತ್ತು, ಪೆಟ್ರೋಲ್ ಟ್ಯಾಂಕನ್ನು ಬರಿದುಮಾಡಿ ಒರೆಸಿದ್ದಾಗಿತ್ತು. ಸೋಜಿಗವೆಂದರೆ, ಪ್ರತಿಯೊಂದು ರಿಪೇರಿಯ ಅನಂತರವೂ ಕಾರು ಒಂದೆರಡು ದಿನ ಸರಿಯಾಗಿ ಓಡಿ, ಮತ್ತೆ ಹಳೆಯ ಚಾಳಿಗೇ ಮರಳುತ್ತಿತ್ತು. ಕೊನೆಗೆ, ಎಂಜಿನ್ನಿನ ತಲೆಯನ್ನೇ ಬಿಚ್ಚಿ ವಾಲ್ವುಗಳನ್ನು ಅರೆಯಿಸಬೇಕೆಂದು ಯಾರೋ ಹೇಳಿದ್ದರು. ಅದಕ್ಕೆ ತಗಲುವ ಹಣ ಅವರ ಒಂದು ತಿಂಗಳ ಸಂಪಾದನೆಗಿಂತ ಹೆಚ್ಚು. ಕಾರಿನ ಸಾಲದ ಕಂತು ಬೇರೆ ಬಾಕಿಯಿತ್ತು. ತಲೆ ಬಿಚ್ಚಿಸಲೇ ಬೇಡವೇ ಎಂದು ಕೇಳಲು ಅವರು ಬಂದಿದ್ದರು.

"ಬಿಚ್ಚುವುದಕ್ಕೆ ಮೊದಲು ಎಂಜಿನ್ನನ್ನೇ ಒಂದು ಮಾತು ಕೇಳೋಣ, ಯಜಮಾನರೇ" ಎಂದರು ನಮ್ಮ ಮಿತ್ರರು. ಕಾರು ಪ್ರಯೋಗಶಾಲೆಯ ಅಂಗಳಕ್ಕೆ ಬಂದಿತು.

ಹನ್ನೆರಡು ವೋಲ್ಟು ಹತ್ತು ಸಾವಿರವಾಗುವ ಬಗೆ

ಬರಹವನ್ನು ಓದುವ ಮೊದಲು ಬರೆಯುವವನ ಪರಿಚಯವಿರಬೇಕು. ಕಾರಿನ ಬ್ಯಾಟರಿಯ ವೋಲ್ಟೇಜು ೧೨. ಪ್ಲಗ್ಗಿನ ಸಂದಿಯನ್ನು ಕಿಡಿ ದಾಟಬೇಕಾದರೆ ಹತ್ತು ಸಾವಿರ ವೋಲ್ಟಿನ ಆಸುಪಾಸು ಬೇಕು. ಈ ಅಂತರವನ್ನು ತುಂಬುವ ಉಪಾಯದ ಬೇರು, ೧೮೩೧ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆಯ ತತ್ತ್ವದಲ್ಲಿದೆ. ಆ ತತ್ತ್ವವನ್ನು ಬ್ಯಾಟರಿಯೊಡನೆ ಜೋಡಿಸಿ, ಕಾರಿಗೆ ಒಪ್ಪುವ ನಂಬಿಕೆಯ ವ್ಯವಸ್ಥೆಯನ್ನಾಗಿ ರೂಪಿಸಿದವರು ಅಮೆರಿಕದ ಓಹಾಯೋ ಪ್ರಾಂತದ ಚಾರ್ಲ್ಸ್ ಕೆಟರಿಂಗ್. ೧೯೧೦ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಕಾಣಿಸಿಕೊಂಡ ಅವರ ಏರ್ಪಾಡು, ಸಣ್ಣಪುಟ್ಟ ತಿದ್ದುಪಡಿಗಳೊಡನೆ ಆರು ದಶಕಗಳಿಗೂ ಹೆಚ್ಚು ಕಾಲ ಜಗತ್ತಿನ ಅಸಂಖ್ಯಾತ ಕಾರುಗಳನ್ನು ನಡೆಸಿತು. ಚಾಲಕರ ಹಳೆಯ ಕಾರಿನಲ್ಲಿದ್ದದ್ದೂ ಅದೇ.

ಈ ಏರ್ಪಾಡಿನ ಹೃದಯವೆಂದರೆ ಕಾಯಿಲು. ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಯ ಸುರುಳಿಗಳು: ಕೆಲವು ನೂರು ಸುತ್ತುಗಳ ದಪ್ಪ ತಂತಿಯ ಪ್ರಥಮ ಸುರುಳಿ ಒಂದು; ಸುಮಾರು ಇಪ್ಪತ್ತು ಸಾವಿರ ಸುತ್ತುಗಳ, ಕೂದಲೆಳೆಯಂಥ ತಂತಿಯ ದ್ವಿತೀಯ ಸುರುಳಿ ಇನ್ನೊಂದು. ಬ್ಯಾಟರಿಯಿಂದ ಪ್ರಥಮ ಸುರುಳಿಗೆ ಹೋಗುವ ದಾರಿಯಲ್ಲಿ ಪಾಯಿಂಟುಗಳೆಂಬ ಸಣ್ಣ ಬಾಗಿಲೊಂದಿದೆ. ಬಾಗಿಲು ಮುಚ್ಚಿದಾಗ, ಎಂದರೆ ಎರಡು ಪಾಯಿಂಟುಗಳೂ ತಾಗಿದಾಗ, ಸುಮಾರು ೪ ಆಂಪಿಯರು ಪ್ರವಾಹ ಹರಿದು ತಿರುಳಿನಲ್ಲಿ ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಎಂಜಿನ್ನು ತಿರುಗುವಾಗ ಕ್ಯಾಮ್ ಒಂದು ಪಾಯಿಂಟುಗಳನ್ನು ಥಟ್ಟನೆ ಬೇರ್ಪಡಿಸುತ್ತದೆ. ಓಡುತ್ತಿರುವ ಬಸ್ಸು ಒಮ್ಮೆಲೇ ನಿಂತರೆ ಒಳಗಿನವರು ಮುಂದಕ್ಕೆ ಎಸೆಯಲ್ಪಡುವರಷ್ಟೆ. ಹಾಗೆಯೇ ಪ್ರವಾಹವು ಒಮ್ಮೆಲೇ ಕಡಿದುಹೋದರೆ ಕಾಂತಕ್ಷೇತ್ರವು ಕುಸಿಯುತ್ತ ಸುರುಳಿಗಳಲ್ಲಿ ಭಾರಿ ವೋಲ್ಟೇಜನ್ನು ಎಬ್ಬಿಸುತ್ತದೆ. ಪ್ರಥಮ ಸುರುಳಿಯಲ್ಲಿ ಇನ್ನೂರೈವತ್ತು ಮುನ್ನೂರು ವೋಲ್ಟು. ಅದರ ಎಂಬತ್ತು ನೂರು ಪಟ್ಟು ಸುತ್ತುಗಳಿರುವ ದ್ವಿತೀಯ ಸುರುಳಿಯಲ್ಲಿ ಇಪ್ಪತ್ತು ಸಾವಿರ ವೋಲ್ಟಿನವರೆಗೂ.

ಪಾಯಿಂಟುಗಳಿಗೆ ಅಡ್ಡಲಾಗಿ ಕಂಡೆನ್ಸರೊಂದನ್ನು ಜೋಡಿಸಿರುತ್ತಾರೆ. ಬೇರ್ಪಡುವ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಶಕ್ತಿಯೆಲ್ಲ ಅಲ್ಲಿಯೇ ಪೋಲಾಗದಂತೆ ಅದು ತಡೆಯುತ್ತದೆ. ದ್ವಿತೀಯ ಸುರುಳಿಯಿಂದ ಹೊರಟ ವೋಲ್ಟೇಜು ಡಿಸ್ಟ್ರಿಬ್ಯೂಟರಿನ ನಡುವಣ ರೋಟರಿಗೆ ಬಂದು, ಅಲ್ಲಿಂದ ಸರದಿಯ ಪ್ರಕಾರ ನಾಲ್ಕು ತಂತಿಗಳಲ್ಲಿ ಒಂದಕ್ಕೆ ಹಾರಿ, ಪ್ಲಗ್ಗನ್ನು ಸೇರುತ್ತದೆ. ಸರದಿಯು ೧, ೨, ೩, ೪ ಎಂದಲ್ಲ. ಎಂಜಿನ್ನಿನ ಅದುರಾಟ ಕಡಮೆಯಾಗಲೆಂದು ಬಹಳ ಕಾರುಗಳಲ್ಲಿ ಅದನ್ನು ೧, ೩, ೪, ೨ ಎಂದು ಇಟ್ಟಿರುತ್ತಾರೆ. ಈ ವಿವರವು ಮುಂದೆ ನಮಗೆ ಬೇಕಾಗುತ್ತದೆ.

ಪ್ಲಗ್ಗಿನ ಪರಿಚಯ ಕನ್ನಡಿಗರಿಗೆ ಹೊಸದಲ್ಲ. ೧೯೫೧ರಲ್ಲಿ ಸ್ಥಾಪಿತವಾಗಿ, ಜನರ ಬಾಯಲ್ಲಿ 'ಮೈಕೋ' ಎಂದೇ ಹೆಸರಾದ ಕಾರ್ಖಾನೆಯು ಬೆಂಗಳೂರಿನಲ್ಲಿ ತಯಾರಿಸಿದ ವಸ್ತುಗಳಲ್ಲಿ ಇದೂ ಒಂದು. ಪಿಂಗಾಣಿಯ ಕವಚದೊಳಗಿನ ಒಂದು ಲೋಹದ ಕಡ್ಡಿ, ಅದರ ತುದಿಗೆ ಎದುರಾಗಿ ಬಾಗಿದ ಇನ್ನೊಂದು ತುಂಡು, ನಡುವೆ ಮಿಲಿಮೀಟರಿಗೂ ಕಿರಿದಾದ ಸಂದಿ. ಇಷ್ಟೇ ಪ್ಲಗ್ಗು.

ಬೆಳಕಿನ ಲೇಖನಿ

ಆಸಿಲೋಸ್ಕೋಪಿನ ಮೂಲವು ೧೮೯೭ರಲ್ಲಿ ಜರ್ಮನಿಯ ವಿಜ್ಞಾನಿ ಫರ್ಡಿನಾಂಡ್ ಬ್ರೌನ್ ರಚಿಸಿದ ಕೊಳವೆ. ಗಾಳಿಯನ್ನು ತೆಗೆದ ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳ ತೆಳುವಾದ ಧಾರೆಯೊಂದು ಓಡಿ, ಎದುರಿನ ಪರದೆಗೆ ಬಡಿದು, ಅಲ್ಲಿ ಬೆಳಕಿನ ಚುಕ್ಕೆಯನ್ನು ಮೂಡಿಸುತ್ತದೆ. ಚುಕ್ಕೆಯನ್ನು ಎಡದಿಂದ ಬಲಕ್ಕೆ ಒಂದೇ ವೇಗದಲ್ಲಿ ಎಳೆದರೆ ಅದು ಕಾಲದ ಅಳತೆಯಾಯಿತು. ಅದೇ ವೇಳೆಯಲ್ಲಿ ನಾವು ಅಳೆಯಬೇಕಾದ ವೋಲ್ಟೇಜು ಚುಕ್ಕೆಯನ್ನು ಮೇಲಕ್ಕೋ ಕೆಳಕ್ಕೋ ತಳ್ಳಿದರೆ, ಕಾಲದೊಡನೆ ವೋಲ್ಟೇಜು ಬದಲಾಗುವ ಪರಿ ಪರದೆಯ ಮೇಲೆ ರೇಖೆಯಾಗಿ ಮೂಡುತ್ತದೆ. ಮುಳ್ಳಿಗೆ ತೂಕವಿದೆ, ಎಲೆಕ್ಟ್ರಾನುಗಳಿಗೆ ಇಲ್ಲವೆಂದೇ ಹೇಳಬಹುದು. ಸೆಕೆಂಡಿನ ಲಕ್ಷದ ಒಂದು ಪಾಲಿನಲ್ಲಿ ನಡೆದುಹೋಗುವ ಏರಿಳಿತವನ್ನೂ ಈ ಲೇಖನಿ ತಪ್ಪದೆ ಬರೆಯುತ್ತದೆ. ಇಂದಿನ ಉಪಕರಣಗಳಲ್ಲಿ ಬ್ರೌನ್ ಕೊಳವೆಯ ಸ್ಥಾನವನ್ನು ಅಂಕಿಗಳಾಗಿ ದಾಖಲಿಸುವ ಮಂಡಲಗಳೂ ಚಪ್ಪಟೆಯ ಪರದೆಗಳೂ ಆಕ್ರಮಿಸಿವೆ. ಆದರೆ ರೇಖೆಯ ಅರ್ಥ ಬದಲಾಗಿಲ್ಲ.

ಹತ್ತು ಸಾವಿರ ವೋಲ್ಟನ್ನು ನೇರವಾಗಿ ಉಪಕರಣಕ್ಕೆ ಕೊಟ್ಟರೆ ಅದು ಸುಟ್ಟುಹೋದೀತು. ಆದಕಾರಣ ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ದಪ್ಪ ತಂತಿಯ ಹೊರಮೈಗೆ, ಬಟ್ಟೆ ಒಣಹಾಕುವ ಚಿಮುಟದಂತಿರುವ ಒಂದು ಹಿಡಿಕೆಯನ್ನು ಕಚ್ಚಿಸುತ್ತಾರೆ. ಒಳಗಿನ ಲೋಹ, ನಡುವಣ ರಬ್ಬರು, ಹೊರಗಿನ ಹಿಡಿಕೆ, ಇವು ಮೂರೂ ಸೇರಿ ಒಂದು ಚಿಕ್ಕ ಕಂಡೆನ್ಸರಾಗಿ, ವೋಲ್ಟೇಜಿನ ಒಂದು ಅಲ್ಪಾಂಶವನ್ನು ಮಾತ್ರ ಉಪಕರಣಕ್ಕೆ ದಾಟಿಸುತ್ತವೆ. ತಂತಿಯನ್ನು ಕತ್ತರಿಸಬೇಕಿಲ್ಲ, ಎಂಜಿನ್ನನ್ನು ನಿಲ್ಲಿಸಬೇಕಿಲ್ಲ.

ಐದು ಅಕ್ಷರಗಳು

ಆರೋಗ್ಯವಂತ ಎಂಜಿನ್ನಿನ ಒಂದು ಕಿಡಿಯ ಬರಹವನ್ನು ಎಡದಿಂದ ಬಲಕ್ಕೆ ಓದೋಣ. ಅದರಲ್ಲಿ ಐದು ಭಾಗಗಳಿವೆ.

ಮೊದಲನೆಯದು ಏರುಗೆರೆ. ಪಾಯಿಂಟುಗಳು ಬೇರ್ಪಟ್ಟ ಕ್ಷಣದಲ್ಲಿ ರೇಖೆಯು ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಪ್ಲಗ್ಗಿನ ಸಂದಿಯಲ್ಲಿರುವ ಅನಿಲವು ವಿದ್ಯುತ್ತಿಗೆ ದಾರಿ ಬಿಡುವವರೆಗೆ ವೋಲ್ಟೇಜು ಏರುತ್ತಲೇ ಇರುತ್ತದೆ. ಎಂಜಿನ್ನು ನಿಧಾನವಾಗಿ ಬರಿದೆ ಓಡುವಾಗ ಈ ಗೆರೆಯ ತುದಿ ಸಾಮಾನ್ಯವಾಗಿ ಎಂಟು ಸಾವಿರದಿಂದ ಹನ್ನೆರಡು ಸಾವಿರ ವೋಲ್ಟಿನಲ್ಲಿರುತ್ತದೆ.

ಎರಡನೆಯದು ಕಿಡಿಗೆರೆ. ಅನಿಲವು ಒಮ್ಮೆ ಒಡೆದು ದಾರಿಯಾಯಿತೆಂದರೆ, ಆ ದಾರಿಯನ್ನು ತೆರೆದಿಡಲು ಅಷ್ಟು ವೋಲ್ಟೇಜು ಬೇಕಿಲ್ಲ. ರೇಖೆಯು ಒಂದೆರಡು ಸಾವಿರ ವೋಲ್ಟಿಗೆ ಬಿದ್ದು, ಅಲ್ಲಿ ಒಂದರಿಂದ ಎರಡು ಮಿಲಿಸೆಕೆಂಡಿನ ಕಾಲ ಹೆಚ್ಚುಕಡಮೆ ಅಡ್ಡವಾಗಿ ಸಾಗುತ್ತದೆ. ಕಿಡಿ ಉರಿಯುತ್ತಿರುವುದು, ಮಿಶ್ರಣಕ್ಕೆ ಬೆಂಕಿ ತಗಲುವುದು, ಈ ಅವಧಿಯಲ್ಲಿಯೇ.

ಮೂರನೆಯದು ತೂಗಾಟ. ಕಾಯಿಲಿನಲ್ಲಿ ಉಳಿದ ಶಕ್ತಿ ಕಿಡಿಯನ್ನು ಉಳಿಸಲು ಸಾಲದಾದಾಗ ಕಿಡಿ ನಂದುತ್ತದೆ. ಮಿಕ್ಕ ಶಕ್ತಿಯು ಕಾಯಿಲು ಮತ್ತು ಕಂಡೆನ್ಸರುಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡಿ ಕರಗುತ್ತದೆ. ಕೈಬಿಟ್ಟ ತೊಟ್ಟಿಲು ಕ್ರಮೇಣ ನಿಲ್ಲುವಂತೆ, ಪರದೆಯ ಮೇಲೆ ನಾಲ್ಕಾರು ಅಲೆಗಳು ಒಂದಕ್ಕಿಂತ ಒಂದು ಕಿರಿದಾಗುತ್ತ ಅಡಗುತ್ತವೆ.

ನಾಲ್ಕನೆಯದು ಮುಚ್ಚುವಿಕೆಯ ಗುರುತು. ಪಾಯಿಂಟುಗಳು ಮತ್ತೆ ತಾಗಿದಾಗ ರೇಖೆಯು ಒಮ್ಮೆ ಕೆಳಕ್ಕೆ ಧುಮುಕಿ, ಸ್ವಲ್ಪ ನಡುಗಿ, ಸಮನಾಗುತ್ತದೆ.

ಐದನೆಯದು ತುಂಬುವ ಅವಧಿ. ಪಾಯಿಂಟುಗಳು ಮುಚ್ಚಿರುವಷ್ಟು ಹೊತ್ತು ಕಾಯಿಲು ಮುಂದಿನ ಕಿಡಿಗಾಗಿ ಶಕ್ತಿಯನ್ನು ತುಂಬಿಕೊಳ್ಳುತ್ತಿರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದೊಂದು ಕಿಡಿಗೂ ಡಿಸ್ಟ್ರಿಬ್ಯೂಟರು ೯೦ ಅಂಶ ತಿರುಗುತ್ತದೆ. ಅದರಲ್ಲಿ ಸುಮಾರು ೬೦ ಅಂಶ ಪಾಯಿಂಟುಗಳು ಮುಚ್ಚಿರುತ್ತವೆ. ನಿಮಿಷಕ್ಕೆ ೩,೦೦೦ ಸುತ್ತಿನಲ್ಲಿ ಇದು ೭ ಮಿಲಿಸೆಕೆಂಡಿಗೂ ಕಡಮೆ. ವೇಗ ಇಮ್ಮಡಿಯಾದರೆ ಅವಧಿ ಅರ್ಧವಾಗುತ್ತದೆ. ಕಾಯಿಲು ಪೂರ್ತಿ ತುಂಬುವ ಮೊದಲೇ ಖಾಲಿಯಾಗಬೇಕಾಗುತ್ತದೆ. ಹಳೆಯ ಕಾರುಗಳ ಕಿಡಿಯು ಅತಿ ವೇಗದಲ್ಲಿ ಸೊರಗುತ್ತಿದ್ದುದಕ್ಕೆ ಇದೇ ಕಾರಣ.

ನಾಲ್ಕೂ ಸಿಲಿಂಡರುಗಳ ಬರಹಗಳನ್ನು ಒಂದರ ಪಕ್ಕದಲ್ಲಿ ಒಂದನ್ನು ಸಾಲಾಗಿ ನಿಲ್ಲಿಸಿ ಎತ್ತರವನ್ನು ಹೋಲಿಸಬಹುದು. ಒಂದರ ಕೆಳಗೆ ಒಂದನ್ನು ಇಟ್ಟು ಕಾಲಾವಧಿಯನ್ನು ಹೋಲಿಸಬಹುದು. ಈ ಹೋಲಿಕೆಯಲ್ಲಿಯೇ ಪರೀಕ್ಷೆಯ ಬಲವೆಲ್ಲ ಅಡಗಿದೆ. ನಾಲ್ಕು ಸಿಲಿಂಡರುಗಳಿಗೂ ಕಾಯಿಲು ಒಂದೇ, ಪಾಯಿಂಟು ಒಂದೇ, ಕಂಡೆನ್ಸರು ಒಂದೇ. ಕೆಡುಕು ನಾಲ್ಕರಲ್ಲಿಯೂ ಕಂಡರೆ ಎಲ್ಲಕ್ಕೂ ಸೇರಿದ ಭಾಗದಲ್ಲಿ ಹುಡುಕಬೇಕು. ಒಂದರಲ್ಲಿ ಮಾತ್ರ ಕಂಡರೆ ಆ ಒಂದಕ್ಕೇ ಸೇರಿದ ದಾರಿಯಲ್ಲಿ ಹುಡುಕಬೇಕು.

ನಾವು ತಪ್ಪಿದ ಬಗೆ

ಈಗ ಪ್ರಯೋಗಶಾಲೆಯ ಅಂಗಳಕ್ಕೆ ಮರಳೋಣ. ಹಿಡಿಕೆಯನ್ನು ಕಚ್ಚಿಸಿ ಎಂಜಿನ್ನನ್ನು ನಡೆಸಿದೊಡನೆ ಪರದೆಯ ಮೇಲೆ ನಾಲ್ಕು ಏರುಗೆರೆಗಳು ಸಾಲಾಗಿ ನಿಂತವು. ಮೂರು ಗೆರೆಗಳು ಎಂಟು ಒಂಬತ್ತು ಸಾವಿರ ವೋಲ್ಟಿನವು. ಎಡದಿಂದ ಮೂರನೆಯದು ಮಾತ್ರ ಹದಿನಾರು ಸಾವಿರಕ್ಕೆ ಎದ್ದು, ಕುಳಿತವರ ನಡುವೆ ನಿಂತವನಂತೆ ಕಾಣುತ್ತಿತ್ತು.

"ಮೂರನೆಯ ಸಿಲಿಂಡರಿನ ಕಿಡಿಯೊಂದು ಚೆನ್ನಾಗಿದೆ, ಮಿಕ್ಕ ಮೂರು ದುರ್ಬಲ" ಎಂದು ನಾವು ಹೇಳಿಬಿಟ್ಟೆವು.

ಮಿತ್ರರು ನಕ್ಕರು. ಒಂದೇ ವಾಕ್ಯದಲ್ಲಿ ನಾವು ಎರಡು ತಪ್ಪು ಮಾಡಿದ್ದೆವು. ಪರದೆಯ ಮೇಲೆ ಸಿಲಿಂಡರುಗಳು ಕಿಡಿಯ ಸರದಿಯಲ್ಲಿ ನಿಂತಿರುತ್ತವೆ. ಸರದಿ ೧, ೩, ೪, ೨ ಆದ್ದರಿಂದ ಎಡದಿಂದ ಮೂರನೆಯದು ನಾಲ್ಕನೆಯ ಸಿಲಿಂಡರು. ಇದು ಸಣ್ಣ ತಪ್ಪು. ದೊಡ್ಡ ತಪ್ಪೆಂದರೆ, ಎತ್ತರವನ್ನು ಬಲವೆಂದು ತಿಳಿದದ್ದು.

ಕಾಯಿಲು ಇಷ್ಟು ವೋಲ್ಟು ಕೊಡುತ್ತೇನೆಂದು ಮೊದಲೇ ನಿಶ್ಚಯಿಸಿ ಕೊಡುವುದಿಲ್ಲ. ದಾರಿಯಲ್ಲಿರುವ ಸಂದಿಗಳು ಎಷ್ಟು ಕೇಳುತ್ತವೆಯೋ ಅಷ್ಟಕ್ಕೆ ವೋಲ್ಟೇಜು ಏರಿ ನಿಲ್ಲುತ್ತದೆ. ಸಂದಿ ಅಗಲವಾದಷ್ಟೂ, ಅದರೊಳಗಿನ ಅನಿಲದ ಒತ್ತಡ ಹೆಚ್ಚಿದಷ್ಟೂ ಬೇಡಿಕೆ ಹೆಚ್ಚು. ಈ ನಿಯಮವನ್ನು ೧೮೮೯ರಲ್ಲಿಯೇ ಫ್ರೀಡ್ರಿಕ್ ಪಾಶೆನ್ ಎಂಬ ಜರ್ಮನ್ ಭೌತವಿಜ್ಞಾನಿ ಪ್ರಯೋಗಗಳಿಂದ ತೋರಿಸಿದ್ದರು. ಹೊರಗಿನ ಗಾಳಿಯಲ್ಲಿ ಮೂರು ಸಾವಿರ ವೋಲ್ಟು ಸಾಕಾಗುವ ಪ್ಲಗ್ಗು, ಸಿಲಿಂಡರಿನೊಳಗೆ ಅದುಮಿದ ಮಿಶ್ರಣದಲ್ಲಿ ಅದರ ಹಲವು ಪಟ್ಟು ಕೇಳುವುದು ಇದರಿಂದಲೇ. ಆದ್ದರಿಂದ ಎತ್ತರದ ಗೆರೆಯು ಬಲವಾದ ಕಿಡಿಯ ಗುರುತಲ್ಲ; ಕಷ್ಟಪಟ್ಟು ಹುಟ್ಟಿದ ಕಿಡಿಯ ಗುರುತು.

ಅಷ್ಟೇ ಅಲ್ಲ. ಕಾಯಿಲಿನಲ್ಲಿ ಒಂದು ಬಾರಿಗೆ ಕೂಡಿಟ್ಟ ಶಕ್ತಿ ಇಷ್ಟೇ ಎಂದು ಗೊತ್ತು. ಸಂತೆಯ ಬಾಗಿಲಲ್ಲಿಯೇ ಸುಂಕಕ್ಕೆ ಕೈಯಲ್ಲಿದ್ದುದರಲ್ಲಿ ಬಹುಪಾಲು ತೆತ್ತವನು ಒಳಗೆ ಹೋಗಿ ಏನು ಕೊಂಡಾನು? ಹಾಗೆಯೇ ಏರುಗೆರೆಯಲ್ಲಿ ಹೆಚ್ಚು ವೆಚ್ಚವಾದರೆ ಕಿಡಿಗೆರೆಗೆ ಉಳಿಯುವುದು ಕಡಮೆ. ಮಿತ್ರರು ನಾಲ್ಕು ಬರಹಗಳನ್ನು ಒಂದರ ಕೆಳಗೊಂದರಂತೆ ಇಟ್ಟು ತೋರಿಸಿದರು. ಮೂರು ಸಿಲಿಂಡರುಗಳ ಕಿಡಿಗೆರೆ ಒಂದೂವರೆ ಮಿಲಿಸೆಕೆಂಡಿನಷ್ಟು ಉದ್ದವಾಗಿ, ಸಮನಾಗಿತ್ತು. ನಾಲ್ಕನೆಯದು ಅದರ ಅರ್ಧದಷ್ಟೂ ಇರಲಿಲ್ಲ. ಮೇಲಿನಿಂದ ಆರಂಭಿಸಿ ಇಳಿಜಾರಾಗಿ ಜಾರಿ ಮುಗಿದುಹೋಗಿತ್ತು.

ಬಳಿಕ ಅವರು ಆಕ್ಸಿಲರೇಟರನ್ನು ಒಮ್ಮೆ ಥಟ್ಟನೆ ಅದುಮಿ ಬಿಟ್ಟರು. ಆಗ ಸಿಲಿಂಡರುಗಳಿಗೆ ಮಿಶ್ರಣ ತುಂಬ ನುಗ್ಗುತ್ತದೆ, ಒತ್ತಡ ಏರುತ್ತದೆ, ವೋಲ್ಟೇಜಿನ ಬೇಡಿಕೆಯೂ ಏರುತ್ತದೆ. ಮೂರು ಗೆರೆಗಳು ಹನ್ನೆರಡು ಹದಿಮೂರು ಸಾವಿರಕ್ಕೆ ಒಟ್ಟಾಗಿ ಎದ್ದು ಇಳಿದವು. ನಾಲ್ಕನೆಯದು ಇಪ್ಪತ್ತು ಸಾವಿರವನ್ನು ಮುಟ್ಟಿತು. ಆ ಕ್ಷಣದಲ್ಲಿ ಅದರ ಕಿಡಿಗೆರೆ ಮಾಯವಾಗಿ, ಬರಿಯ ತೂಗಾಟ ಮಾತ್ರ ಉಳಿಯಿತು. ಆ ಹಳೆಯ ಕಾಯಿಲಿನ ಶಕ್ತಿಯ ಎಲ್ಲೆ ಅದು. ಬೇಡಿಕೆ ಎಲ್ಲೆಯನ್ನು ಮೀರಿತು, ಕಿಡಿ ಹುಟ್ಟಲೇ ಇಲ್ಲ. ಘಾಟಿಯಲ್ಲಿ ಆಗುತ್ತಿದ್ದುದೂ ಇದೇ. ಸಮತಟ್ಟಿನ ಹಗುರ ಓಟದಲ್ಲಿ ಹೇಗೋ ಹುಟ್ಟುತ್ತಿದ್ದ ಕಿಡಿ, ಏರಿನಲ್ಲಿ ಎಂಜಿನ್ನು ತುಂಬ ಉಸಿರೆಳೆದೊಡನೆ ಸೋಲುತ್ತಿತ್ತು. ಚಾಲಕರು ಹೇಳಿದ ಕೆಮ್ಮನ್ನು ನಾವು ಪರದೆಯ ಮೇಲೆ ಕಂಡೆವು.

ನಿರ್ಣಾಯಕ ಪರೀಕ್ಷೆ

ನಾಲ್ಕನೆಯ ದಾರಿಯಲ್ಲಿ ಎಲ್ಲೋ ಇರಬಾರದ ತಡೆಯಿದೆಯೆಂಬುದು ಖಚಿತವಾಯಿತು. ಆದರೆ ಎಲ್ಲಿ? ಪ್ಲಗ್ಗಿನ ಸಂದಿ ಅಗಲವಾಗಿರಬಹುದು. ಆ ಸಿಲಿಂಡರಿಗೆ ಮಾತ್ರ ಗಾಳಿ ಸೋರಿ ಮಿಶ್ರಣದಲ್ಲಿ ಪೆಟ್ರೋಲ್ ಕಡಮೆಯಾಗಿರಬಹುದು. ಅಂಥ ಮಿಶ್ರಣವೂ ಹೆಚ್ಚು ವೋಲ್ಟೇಜನ್ನು ಬೇಡುತ್ತದೆ. ಇಲ್ಲವೇ ಸಿಲಿಂಡರಿನ ಹೊರಗೆ, ತಂತಿಯಲ್ಲಿಯೇ, ಬಿರುಕಿರಬಹುದು. ಈ ಬಾರಿಯೂ ನಾವು ಪ್ಲಗ್ಗೆಂದೇ ಊಹಿಸಿದೆವು. ಮಿತ್ರರು ಊಹಿಸಲಿಲ್ಲ, ಪ್ರಯೋಗ ಮಾಡಿದರು.

ಮೊದಲು ಆರೋಗ್ಯವಾಗಿದ್ದ ಪಕ್ಕದ ಸಿಲಿಂಡರಿನ ತಂತಿಯನ್ನು ಪ್ಲಗ್ಗಿನಿಂದ ಬಿಡಿಸಿ, ವಿದ್ಯುತ್ ಹಾಯದ ಹಿಡಿಯುಳ್ಳ ಸಾಧನದಿಂದ ಅದರ ತುದಿಯನ್ನು ಎಂಜಿನ್ನಿನ ಲೋಹದ ಮೈಗೆ ಸೇರಿಸಿದರು. ಈಗ ಪ್ಲಗ್ಗಿನ ಸಂದಿ ದಾರಿಯಲ್ಲಿಲ್ಲ. ಉಳಿದದ್ದು ರೋಟರಿನ ಬಳಿಯ ಕಿರುಸಂದಿಯೊಂದೇ. ನಿರೀಕ್ಷಿಸಿದಂತೆ ಆ ಸಿಲಿಂಡರಿನ ಏರುಗೆರೆ ಮೂರು ಸಾವಿರ ವೋಲ್ಟಿಗೆ ಕುಗ್ಗಿತು. ಅನಂತರ ನಾಲ್ಕನೆಯ ತಂತಿಗೂ ಹಾಗೆಯೇ ಮಾಡಿದರು. ಕೆಡುಕು ಪ್ಲಗ್ಗಿನಲ್ಲಿಯೋ ಸಿಲಿಂಡರಿನೊಳಗೋ ಇದ್ದರೆ ಅದರ ಗೆರೆಯೂ ಮೂರು ಸಾವಿರಕ್ಕೆ ಇಳಿಯಬೇಕು. ಅದು ಒಂಬತ್ತು ಸಾವಿರದಲ್ಲಿಯೇ ನಿಂತಿತು.

ಎಂದರೆ ಪ್ಲಗ್ಗೂ ಇಲ್ಲದ, ಸಿಲಿಂಡರೂ ಇಲ್ಲದ ದಾರಿಯಲ್ಲಿಯೇ ಆರು ಸಾವಿರ ವೋಲ್ಟನ್ನು ನುಂಗುವ ಇನ್ನೊಂದು ಸಂದಿ ಅಡಗಿತ್ತು. ಎಂಜಿನ್ನನ್ನು ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳದಿಂದ ನಾಲ್ಕನೆಯ ತಂತಿಯನ್ನು ಎಳೆದರು. ಗೂಡಿನೊಳಗೆ ಹಸಿರು ಕಿಲುಬು. ತಂತಿಯ ತುದಿ ಸುಟ್ಟು, ತಳವನ್ನು ಮುಟ್ಟದೆ ಮೇಲೆಯೇ ನಿಂತಿತ್ತು. ಮಳೆಗಾಲದ ತೇವ ತಿಂಗಳುಗಳಿಂದ ಅಲ್ಲಿ ತನ್ನ ಕೆಲಸವನ್ನು ಮಾಡುತ್ತಿದ್ದಿತು.

ರಿಪೇರಿಯಾದ ಒಂದೆರಡು ದಿನ ಕಾರು ಸರಿಯಾಗಿ ಓಡುತ್ತಿದ್ದುದರ ಗುಟ್ಟೂ ಆಗ ಬಯಲಾಯಿತು. ಪ್ಲಗ್ಗನ್ನು ಬದಲಾಯಿಸುವಾಗಲೂ ಕಾರ್ಬ್ಯುರೇಟರನ್ನು ಬಿಚ್ಚುವಾಗಲೂ ಯಾರದೋ ಕೈ ತಗಲಿ ಆ ತಂತಿ ಅಲುಗಾಡುತ್ತಿತ್ತು. ತುದಿಯು ತಳಕ್ಕೆ ಕೊಂಚ ಹತ್ತಿರವಾಗುತ್ತಿತ್ತು. ರೋಗ ಶಮನವಾದಂತೆ ಕಂಡು, ಆ ದಿನ ಬದಲಾಯಿಸಿದ ಭಾಗಕ್ಕೆ ಕೀರ್ತಿ ಸಲ್ಲುತ್ತಿತ್ತು. ಒಂದಾದ ಮೇಲೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗುವುದಿಲ್ಲ ಎಂಬ ತರ್ಕಶಾಸ್ತ್ರದ ಪಾಠಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಆ ಚಾಲಕರಿಗೆ ಬೇಕಿರಲಿಲ್ಲ.

ಗೂಡನ್ನು ಕೆರೆದು ಶುಚಿಮಾಡಿ ಹೊಸ ತಂತಿಯನ್ನು ಹಾಕಿದ್ದಾಯಿತು. ಎಂಜಿನ್ನನ್ನು ಮತ್ತೆ ನಡೆಸಿದಾಗ ನಾಲ್ಕು ಗೆರೆಗಳೂ ಒಂದೇ ಎತ್ತರದಲ್ಲಿ ನಿಂತವು. ಚಾಲಕರು ಬಾಗಿ ಬಹಳ ಹೊತ್ತು ಪರದೆಯನ್ನೇ ನೋಡಿದರು. "ಹಂಗಾದ್ರೆ ತಲೆ ಬಿಚ್ಚೋದು ಬೇಡ್ವಾ ಸಾರ್?" ಎಂದು ಮತ್ತೊಮ್ಮೆ ಕೇಳಿ ಖಚಿತಮಾಡಿಕೊಂಡರು. ಆ ಮಧ್ಯಾಹ್ನ ನಮ್ಮನ್ನು ಕೂರಿಸಿಕೊಂಡೇ ಘಾಟಿಯನ್ನು ಹತ್ತಿದರು. ಕಾರು ಒಮ್ಮೆಯೂ ಕೆಮ್ಮಲಿಲ್ಲ.

ಇನ್ನು ಕೆಲವು ಬರಹಗಳು

ಈ ಒಂದು ಪ್ರಸಂಗದ ಜಾಡಿನಲ್ಲಿಯೇ ಬೇರೆ ಬರಹಗಳನ್ನೂ ಓದಬಹುದು. ಒಂದು ಏರುಗೆರೆ ಮಿಕ್ಕವಕ್ಕಿಂತ ಗಿಡ್ಡವಾಗಿದ್ದರೆ, ಅಲ್ಲಿ ವಿದ್ಯುತ್ತಿಗೆ ಅಗತ್ಯಕ್ಕಿಂತ ಸುಲಭವಾದ ದಾರಿ ಸಿಕ್ಕಿದೆಯೆಂದು ಅರ್ಥ: ಪ್ಲಗ್ಗಿನ ಮೇಲೆ ಮಸಿ ಕಟ್ಟಿರಬಹುದು, ಪಿಂಗಾಣಿ ಸೀಳಿರಬಹುದು, ಸಂದಿ ಕಿರಿದಾಗಿರಬಹುದು, ಅಥವಾ ವಾಲ್ವು ಸೋರಿ ಸಿಲಿಂಡರಿನಲ್ಲಿ ಒತ್ತಡವೇ ಇಲ್ಲದಿರಬಹುದು. ನಾಲ್ಕೂ ಗೆರೆಗಳು ಎತ್ತರವಾಗಿದ್ದರೆ ಸವೆದ ಪ್ಲಗ್ಗುಗಳು, ಪೆಟ್ರೋಲ್ ಸಾಲದ ಮಿಶ್ರಣ, ಇಲ್ಲವೇ ರೋಟರಿನ ತುದಿ ಸುಟ್ಟಿರುವುದು ಕಾರಣವಾಗಿರಬಹುದು. ತೂಗಾಟದ ಅಲೆಗಳು ಒಂದೆರಡಕ್ಕೇ ಮುಗಿದರೆ ಕಾಯಿಲನ್ನೂ ಕಂಡೆನ್ಸರನ್ನೂ ಸಂಶಯಿಸಬೇಕು. ಪಾಯಿಂಟುಗಳು ಮುಚ್ಚುವ ಗುರುತು ಕದಡಿ ಒರಟಾಗಿದ್ದರೆ ಪಾಯಿಂಟುಗಳು ಸುಟ್ಟಿವೆ, ಇಲ್ಲವೇ ಅವುಗಳ ಸ್ಪ್ರಿಂಗು ಸಡಿಲವಾಗಿದೆ. ತುಂಬುವ ಅವಧಿಯು ಸಿಲಿಂಡರಿನಿಂದ ಸಿಲಿಂಡರಿಗೆ ಬದಲಾಗುತ್ತಿದ್ದರೆ ಡಿಸ್ಟ್ರಿಬ್ಯೂಟರಿನ ಕ್ಯಾಮು ಅಥವಾ ದಂಡ ಸವೆದಿದೆ.

ಬರಹವೆಲ್ಲ ತಲೆಕೆಳಗಾಗಿ ಕಂಡರೆ ಕಾಯಿಲಿನ ಪ್ರಥಮ ಸುರುಳಿಯ ತಂತಿಗಳು ಅದಲುಬದಲಾಗಿವೆ. ಇದು ಬರಿಯ ಚಿತ್ರದ ದೋಷವಲ್ಲ. ಪ್ಲಗ್ಗಿನ ನಡುಗಡ್ಡಿ ಹೆಚ್ಚು ಬಿಸಿಯಾಗಿರುತ್ತದೆ. ಬಿಸಿಯಾದ ಲೋಹದಿಂದ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ. ಆದಕಾರಣ ಆ ಕಡ್ಡಿಯೇ ಋಣ ಧ್ರುವವಾಗಿರಬೇಕು. ಉಲ್ಟಾ ಆದರೆ ಕಿಡಿ 'ಹಾರುತ್ತದೆ', ಆದರೆ ಹೆಚ್ಚು ಬೆಲೆ ತೆತ್ತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಈ ಪರೀಕ್ಷೆಗಳನ್ನು ವಿದ್ಯಾರ್ಥಿಗಳು ಬಲ್ಲವರ ಸಮ್ಮುಖದಲ್ಲಲ್ಲದೆ ಮಾಡಕೂಡದು. ಓಡುವ ಎಂಜಿನ್ನಿನ ಫ್ಯಾನೂ ಬೆಲ್ಟೂ ಒಂದು ಅಪಾಯ, ಹೆಚ್ಚು ವೋಲ್ಟೇಜು ಇನ್ನೊಂದು. ಇಂದಿನ ಕಾರುಗಳಲ್ಲಿ ತಂತಿಯನ್ನು ಬಿಡಿಸಿ ತೆರೆದಿಟ್ಟರೆ ದಾರಿ ಕಾಣದ ವಿದ್ಯುತ್ತು ಎಲೆಕ್ಟ್ರಾನಿಕ್ ಭಾಗಗಳನ್ನೇ ಸುಡಬಹುದು.

ಇಂದಿನ ಕಾರುಗಳಲ್ಲಿ

ಇಂದು ತಯಾರಾಗುವ ಪೆಟ್ರೋಲ್ ಕಾರುಗಳಲ್ಲಿ ಪಾಯಿಂಟುಗಳಿಲ್ಲ, ರೋಟರಿಲ್ಲ. ಬಹುತೇಕ ಕಾರುಗಳಲ್ಲಿ ಪ್ರತಿಯೊಂದು ಪ್ಲಗ್ಗಿನ ತಲೆಯ ಮೇಲೆಯೇ ಒಂದು ಚಿಕ್ಕ ಕಾಯಿಲು ಕುಳಿತಿರುತ್ತದೆ. ಪ್ರವಾಹವನ್ನು ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರು ಮಾಡುತ್ತದೆ; ಎಷ್ಟು ಹೊತ್ತು ತುಂಬಬೇಕು, ಯಾವ ಕ್ಷಣದಲ್ಲಿ ಕಡಿಯಬೇಕು ಎಂಬುದನ್ನು ಗಣಕಯಂತ್ರ ನಿರ್ಧರಿಸುತ್ತದೆ. ಉದ್ದನೆಯ ತಂತಿಗಳು ಇಲ್ಲದಿರುವುದರಿಂದ ಹಿಡಿಕೆಯ ಬದಲು ಕಾಯಿಲಿನ ಮೇಲೆ ಇಡುವ ಚಪ್ಪಟೆಯ ಸ್ಪರ್ಶಕವನ್ನು ಬಳಸುತ್ತಾರೆ. ಇಷ್ಟೆಲ್ಲ ಬದಲಾದರೂ ಏರುಗೆರೆ, ಕಿಡಿಗೆರೆ, ತೂಗಾಟಗಳು ಹಾಗೆಯೇ ಉಳಿದಿವೆ. ಏಕೆಂದರೆ ಅವು ಕೆಟರಿಂಗರ ಏರ್ಪಾಡಿಗೆ ಸೇರಿದವಲ್ಲ. ಸುರುಳಿ ಮತ್ತು ಅನಿಲಗಳ ಸ್ವಭಾವಕ್ಕೆ ಸೇರಿದವು.

ಈಗಿನ ಕಾರಿನ ಗಣಕಯಂತ್ರವು ಎಂಜಿನ್ನಿನ ತಿರುಗುವಿಕೆಯಲ್ಲಾಗುವ ಸಣ್ಣ ಮುಗ್ಗರಿಕೆಯನ್ನು ತಾನೇ ಗುರುತಿಸಿ, ಸಂಕೇತವೊಂದನ್ನು ಬರೆದಿಡುತ್ತದೆ. ನಾಲ್ಕನೆಯ ಸಿಲಿಂಡರು ತಪ್ಪುತ್ತಿದ್ದರೆ ಆ ಸಂಕೇತ 'ಪಿ ೦೩೦೪'. ಹಾಗಾದರೆ ಆಸಿಲೋಸ್ಕೋಪಿನ ಕೆಲಸ ಮುಗಿಯಿತೇ? ಇಲ್ಲ. ಸಂಕೇತವು ಯಾವ ಸಿಲಿಂಡರೆಂಬುದನ್ನು ಹೇಳುತ್ತದೆ. ಏಕೆ ಎಂಬುದನ್ನು ಹೇಳುವುದಿಲ್ಲ. ಕಾಯಿಲೋ, ಪ್ಲಗ್ಗೋ, ಮಿಶ್ರಣವೋ, ಒತ್ತಡವೋ ಎಂಬುದನ್ನು ತಿಳಿಯಲು ಇಂದಿಗೂ ರೇಖೆಯ ಬಳಿಗೇ ಹೋಗಬೇಕು. ತಪ್ಪಿದ ಕಿಡಿಯ ಬೆಲೆಯೂ ಈಗ ಹೆಚ್ಚು. ಉರಿಯದೆ ಹೊರಬಿದ್ದ ಪೆಟ್ರೋಲು, ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು, ಆ ದುಬಾರಿ ಭಾಗವನ್ನೇ ಕರಗಿಸಬಲ್ಲದು.

ವಿದ್ಯುತ್ತಿನಿಂದಲೇ ಓಡುವ ಕಾರುಗಳಲ್ಲಿ ಕಿಡಿಯ ಮಾತೇ ಇಲ್ಲ. ಅವು ಹೆಚ್ಚಿದಂತೆಲ್ಲ ಈ ಲೇಖನದ ಐದು ಅಕ್ಷರಗಳು ಹಳೆಯ ಲಿಪಿಯಾಗಬಹುದು. ಆದರೆ ಯಂತ್ರ ಕೆಟ್ಟಾಗ ಅದನ್ನು ಬಿಚ್ಚುವ ಮೊದಲು ಏನನ್ನು ಕೇಳಬೇಕೆಂಬುದು ಬದಲಾಗದು. ಕೆಡುಕು ಎಲ್ಲಕ್ಕೂ ಸೇರಿದ್ದೋ, ಒಂದಕ್ಕೆ ಸೇರಿದ್ದೋ? ನಮ್ಮ ಊಹೆ ನಿಜವಾಗಿದ್ದರೆ ಈ ಗೆರೆ ಇಳಿಯಬೇಕು, ಇಳಿಯಿತೇ? ಆ ದಿನ ನಮ್ಮ ಮಿತ್ರರು ಕೇಳಿದ ಪ್ರಶ್ನೆಗಳು ಇವೆರಡೇ. ಅವುಗಳಿಂದ ಒಂದು ಎಂಜಿನ್ನಿನ ತಲೆಯೂ ಒಂದು ಸಂಸಾರದ ತಿಂಗಳ ಸಂಪಾದನೆಯೂ ಉಳಿದವು.